ಸೆಟ್ ಮುಗಿಯುವವರೆಗೆ

ಆ ಕಚೇರಿಯಲ್ಲಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದದ್ದು ತಿಂಗಳ ಲೆಕ್ಕದಲ್ಲಲ್ಲ, ವರ್ಷದ ಲೆಕ್ಕದಲ್ಲೂ ಅಲ್ಲ, ಪದದ ಲೆಕ್ಕದಲ್ಲಿ. ಇಂಗ್ಲಿಷಿನ ಒಂದೊಂದು ಪದದ ಮೂಲವನ್ನೂ ಅರ್ಥಗಳನ್ನೂ ಬಿಡಿಸಿ ಹೇಳುವ ದೊಡ್ಡ ಕೋಶವೊಂದು ಅಲ್ಲಿ ನಲವತ್ತು ವರ್ಷಗಳಿಂದ ತಯಾರಾಗುತ್ತ, ಸಂಪುಟ ಸಂಪುಟವಾಗಿ ಅಚ್ಚಾಗುತ್ತಿತ್ತು. ನೇಮಕದ ಕಾಗದದಲ್ಲಿ ಇರುತ್ತಿದ್ದದ್ದು ಒಂದೇ ಸಾಲು: ‘ಇಂಥ ಪದ ಮುಗಿಯುವವರೆಗೆ.’ ಪದ ಮುಗಿದರೆ ಕೆಲಸವೂ ಮುಗಿಯಿತು. ‘ಸಾರ್ಡೀನ್’ ಸಿಕ್ಕವನೊಬ್ಬ ಮಧ್ಯಾಹ್ನದ ಬುತ್ತಿ ಬಿಚ್ಚುವಷ್ಟರಲ್ಲಿ ಕೆಲಸ ಕಳೆದುಕೊಂಡಿದ್ದನಂತೆ. ಹಾಗಾಗಿ ಅಲ್ಲಿ ಜನ ಸಂಬಳಕ್ಕೆ ಬಡಿದಾಡುತ್ತಿರಲಿಲ್ಲ, ದಪ್ಪ ಪದಕ್ಕೆ ಬಡಿದಾಡುತ್ತಿದ್ದರು. ಪ್ರಧಾನ ಸಂಪಾದಕರ ಅಕ್ಕನ ಗಂಡ ‘ಸ್ಟ್ಯಾಂಡ್’ ಹಿಡಿದುಕೊಂಡು ಏಳು ವರ್ಷದಿಂದ ಕುರ್ಚಿ ಬಿಟ್ಟು ಎದ್ದಿರಲಿಲ್ಲ.

ಆಕೆ ಅಲ್ಲಿಗೆ ಬಂದಾಗ ಕಂಕುಳಲ್ಲಿ ನಾಲ್ಕು ತಿಂಗಳ ಮಗಳಿದ್ದಳು. ಗಂಡ ದೂರದೂರಕ್ಕೆ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಅತ್ತೆ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಗುಂಡಿ ಹೊಲಿಯಲು ಬೆಳಗ್ಗೆ ಏಳಕ್ಕೆ ಹೋದರೆ ಸಂಜೆ ಆರಕ್ಕೆ ಬರುವವರು. ಮಗುವನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ಓದಿಕೊಂಡಿದ್ದ ಆಕೆ ಎಂಟು ಕಡೆ ಕೆಲಸ ಕೇಳಿದ್ದಳು. ಎಂಟು ಕಡೆಯೂ ಮಗುವನ್ನು ನೋಡಿ, ಯಾವುದೋ ಸೋರುವ ಪಾತ್ರೆ ತಂದವಳನ್ನು ಕಂಡ ಹಾಗೆ ಮುಖ ಮಾಡಿದ್ದರು.

ಪ್ರಧಾನ ಸಂಪಾದಕರೂ ಅದೇ ಮುಖ ಮಾಡಿದರು. ಆದರೆ ಅವರ ಹತ್ತಿರ ‘ಸೆಟ್’ ಎನ್ನುವ ಪದ ಇತ್ತು. ಮೂವರು ಅದನ್ನು ಹಿಡಿದು ಮೂವರೂ ಬಿಟ್ಟು ಓಡಿದ್ದರು. ಒಬ್ಬ ಓಡುವಾಗ ಛತ್ರಿಯನ್ನೂ ಬಿಟ್ಟು ಹೋಗಿದ್ದ. ಹದಿನೆಂಟು ಪೆಟ್ಟಿಗೆ ಚೀಟಿಗಳು. ಒಂದೊಂದು ಚೀಟಿಯಲ್ಲೂ ಯಾವುದೋ ಹಳೆಯ ಪುಸ್ತಕದಿಂದ ಯಾರೋ ಬರೆದುಕೊಂಡ ಒಂದು ವಾಕ್ಯ, ಒಂದೊಂದು ವಾಕ್ಯದಲ್ಲೂ ಒಂದು ಸೆಟ್. ಅರ್ಥ ನೋಡಿ ಅವನ್ನೆಲ್ಲ ಬೇರೆಬೇರೆ ಕಟ್ಟು ಕಟ್ಟಿ, ಯಾವುದು ಮೊದಲು ಹುಟ್ಟಿತು, ಯಾವುದು ಆಮೇಲೆ ಎಂದು ಸಾಲಾಗಿ ನಿಲ್ಲಿಸಬೇಕು. ಈಕೆ ಒಂದು ವಾರ ತಡೆಯಬಹುದು ಎಂದು ಅವರು ಲೆಕ್ಕ ಹಾಕಿದರು. ಹೆಂಗಸರಿಗೂ ಅವಕಾಶ ಕೊಟ್ಟೆವು ಎಂದು ಭಾಷಣದಲ್ಲಿ ಹೇಳಿಕೊಳ್ಳಲು ಒಂದು ವಾರ ಸಾಕಿತ್ತು.

ಆಕೆ ಮಗುವನ್ನು ಎಕ್ಸ್ ಅಕ್ಷರದ ಪೆಟ್ಟಿಗೆಯಲ್ಲಿ ಮಲಗಿಸಿದಳು. ಎಲ್ಲ ಅಕ್ಷರಕ್ಕೂ ಒಂದೇ ಅಳತೆಯ ಪೆಟ್ಟಿಗೆ ಮಾಡಿಸಿದ್ದ ಆ ಮೇಧಾವಿಗಳಿಗೆ, ಎಕ್ಸ್‌ನಲ್ಲಿ ಪದಗಳೇ ಇಲ್ಲ ಎನ್ನುವುದು ಪೆಟ್ಟಿಗೆ ಬಂದ ಮೇಲೆ ಹೊಳೆದಿತ್ತು. ಇದ್ದ ನಲವತ್ತು ಚೀಟಿಗಳನ್ನು ದಾರದಿಂದ ಕಟ್ಟಿ ಮೂಲೆಗಿಟ್ಟು, ಹಳೆಯ ಸೀರೆ ಮಡಿಸಿ ಹಾಸಿದಳು. ಮಗು ನಿದ್ದೆ ಹೋಯಿತು. ಆಕೆ ಮೊದಲ ಕಟ್ಟು ಬಿಚ್ಚಿದಳು.

ವಾರ ಕಳೆಯಿತು, ತಿಂಗಳು ಕಳೆಯಿತು. ಆ ಕಚೇರಿಯಲ್ಲಿ ಎಲ್ಲರನ್ನೂ ಅವರವರ ಪದದಿಂದಲೇ ಕರೆಯುವುದು ರೂಢಿ. ಸಂಪಾದಕರ ಭಾವ ಸ್ಟ್ಯಾಂಡ್ ಮೇಷ್ಟ್ರಾದ ಹಾಗೆ ಆಕೆ ಸೆಟ್ಟಮ್ಮ ಆದಳು. ಕೇಳಿದವರು ಎಣ್ಣೆ ಅಂಗಡಿ ಇಟ್ಟಿರುವ ಐವತ್ತರ ಹೆಂಗಸೆಂದುಕೊಂಡು ಬಂದು, ಇಪ್ಪತ್ತಾರರ ಈಕೆಯನ್ನು ನೋಡಿ ತಬ್ಬಿಬ್ಬಾಗುತ್ತಿದ್ದರು. ಪ್ರಧಾನ ಸಂಪಾದಕರಿಗೆ ಮಾತ್ರ ಪದದ ಹೆಸರಿರಲಿಲ್ಲ, ಅವರು ಯಾವ ಪದವನ್ನೂ ಮಾಡಿದವರಲ್ಲ. ಅವರಿಗೆ ಹಿಂದಿನಿಂದ ಇಟ್ಟ ಹೆಸರು ಮೂಲಪುರುಷ. ಯಾವ ಪದದ ಮಾತು ಬಂದರೂ ‘ಮೂಲ ಒಂದೇ’ ಎಂದು ಬೆರಳೆತ್ತುವುದು ಅವರ ಅಭ್ಯಾಸ. ಕೂರಲಾರದೆ ಕೂರುವ ಅವರ ಭಂಗಿ ನೋಡಿದ ಅಚ್ಚುಕೂಟದವರು ಆ ಹೆಸರಿಗೆ ಬೇರೆ ಕಾರಣವನ್ನೂ ಹೇಳುತ್ತಿದ್ದರು.

ಗೋಡೆಯ ಮೇಲೆ, ಕೋಶ ಶುರುಮಾಡಿದ ಹಿರಿಯರು ಬರೆಸಿ ತೂಗುಹಾಕಿದ್ದ ಒಂದು ಫಲಕವಿತ್ತು: ‘ಸಹಿ ಇಲ್ಲದ ಚೀಟಿ ಅಚ್ಚಿಗೆ ಹೋಗಕೂಡದು.’ ಅರ್ಥ ಬರೆದವರು, ಮೂಲ ಬರೆದವರು ಚೀಟಿಯ ಬಲಮೂಲೆಯಲ್ಲಿ ಸಹಿ ಹಾಕಬೇಕು. ಮುಂದೆ ಓದುಗರಿಂದ ತಪ್ಪಿನ ಪತ್ರ ಬಂದರೆ ಆ ಪತ್ರ ನೇರವಾಗಿ ಸಹಿ ಹಾಕಿದವರ ಮೇಜಿಗೆ ಹೋಗುತ್ತಿತ್ತು, ಉತ್ತರ ಅವರೇ ಬರೆಯಬೇಕು. ಅಚ್ಚುಕೂಟದ ಮೇಸ್ತ್ರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೆ ಬಲಮೂಲೆ ಖಾಲಿ ಇದ್ದರೆ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ತಂದು ವಾಪಸ್ಸಿಡುತ್ತಿದ್ದ. ಪ್ರಧಾನ ಸಂಪಾದಕರಿಗೆ ಮೂವತ್ತು ವರ್ಷದಲ್ಲಿ ಒಂದೇ ಒಂದು ತಪ್ಪಿನ ಪತ್ರವೂ ಬಂದಿರಲಿಲ್ಲ. ಅದನ್ನು ಅವರು ಆಗಾಗ ಹೇಳಿಕೊಳ್ಳುತ್ತಿದ್ದರು. ಮೂವತ್ತು ವರ್ಷದಲ್ಲಿ ಒಂದೇ ಒಂದು ಚೀಟಿಗೂ ಸಹಿ ಹಾಕಿಲ್ಲ ಎನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ.

ಸೆಟ್ ಎಂಬ ಪದಕ್ಕೆ ನಾಚಿಕೆಯೇ ಇರಲಿಲ್ಲ. ಸೂರ್ಯ ಸೆಟ್ ಆಗುತ್ತಾನೆ, ಸಿಮೆಂಟೂ ಸೆಟ್ ಆಗುತ್ತದೆ. ಒಬ್ಬ ಮುಳುಗಿ ಹೋಗುತ್ತಾನೆ, ಇನ್ನೊಂದು ಕಲ್ಲಾಗುತ್ತದೆ. ಮುರಿದ ಮೂಳೆಯನ್ನು ಕೂಡಿಸಿದರೆ ಸೆಟ್, ಗಡಿಯಾರ ಸರಿಪಡಿಸಿದರೆ ಸೆಟ್, ಉಂಗುರಕ್ಕೆ ಹರಳು ಕೂರಿಸಿದರೆ ಸೆಟ್, ಕೋಳಿಯನ್ನು ಕಾವಿಗೆ ಇಟ್ಟರೂ ಸೆಟ್. ಗರಗಸದ ಹಲ್ಲನ್ನು ಒಂದು ಆ ಕಡೆ ಒಂದು ಈ ಕಡೆ ಬಗ್ಗಿಸುವುದಕ್ಕೂ ಅದೇ ಹೆಸರು. ಎಲ್ಲಿ ಕರೆದರೂ ಹೋಗಿ ಊಟಕ್ಕೆ ಕೂರುವ ನೆಂಟನ ಹಾಗೆ. ಮೊದಲ ಎರಡು ತಿಂಗಳು ಆಕೆಗೆ ತಲೆಬುಡ ಹತ್ತಲಿಲ್ಲ. ಮಗಳು ಕೂರಲು ಕಲಿಯುತ್ತಿದ್ದ ದಿನಗಳು ಅವು. ಹಿಂದೊಂದು ದಿಂಬು, ಪಕ್ಕಕ್ಕೆ ಎರಡು ಬಟ್ಟೆಗಂಟು ಕೊಟ್ಟು ಕೂರಿಸಿದರೆ ಮಗು ಒಂದು ಗಳಿಗೆ ಅಲ್ಲಾಡದೆ ಕೂತು, ಆಮೇಲೆ ಮೆಲ್ಲಗೆ ವಾಲುತ್ತಿತ್ತು. ಹಾಗೆ ಕೂರಿಸುತ್ತಿದ್ದಾಗಲೇ ಆಕೆಗೆ ತಿಳಿಯಿತು: ಇದರ ಹಳೆಯ ಅರ್ಥ ಇಷ್ಟೆ, ಕೂರುವ ಹಾಗೆ ಮಾಡುವುದು. ಮೂಳೆಯನ್ನು ಅದರ ಜಾಗದಲ್ಲಿ ಕೂರಿಸು, ಹರಳನ್ನು ಕೂರಿಸು, ಕೋಳಿಯನ್ನು ಕೂರಿಸು, ಮುಳ್ಳನ್ನು ಗಂಟೆಯ ಮೇಲೆ ಕೂರಿಸು. ಸೂರ್ಯನೂ ದಿನವೆಲ್ಲ ನಡೆದು ಕೊನೆಗೆ ಕೂರುತ್ತಾನೆ. ಕಟ್ಟುಗಳು ತಾವಾಗಿ ಸಾಲಿಗೆ ಬಂದವು. ಮಗಳು ಅಂಬೆಗಾಲಿಟ್ಟಳು, ನಿಂತಳು, ಚೀಟಿ ತಿಂದಳು, ಬೈಸಿಕೊಂಡಳು. ಎರಡೂವರೆ ವರ್ಷದಲ್ಲಿ ಹದಿನೇಳು ಪೆಟ್ಟಿಗೆ ಮುಗಿದವು.

ಅತ್ತೆಗೆ ಈ ಕೆಲಸ ಕೊನೆಯವರೆಗೂ ಅರ್ಥವಾಗಲಿಲ್ಲ. “ನಾನು ದಿನಕ್ಕೆ ಸಾವಿರ ಗುಂಡಿ ಹೊಲಿತೀನಿ. ನೀನು ಎರಡೂವರೆ ವರ್ಷದಿಂದ ಒಂದು ಪದ ನೋಡ್ತಾ ಕೂತಿದ್ದೀಯ. ಅದಕ್ಕೂ ಸಂಬಳ ಕೊಡ್ತಾರಲ್ಲ, ಅವರ ಮನೆ ತಣ್ಣಗಿರಲಿ” ಎನ್ನುತ್ತಿದ್ದರು. ಹಾಗೆನ್ನುತ್ತಲೇ ಮೊಮ್ಮಗಳ ಬುತ್ತಿಗೆ ಹಣ್ಣು ಕತ್ತರಿಸಿ ಇಡುತ್ತಿದ್ದರು.

ಕೊನೆಯ ಪೆಟ್ಟಿಗೆಯಲ್ಲಿ ಇದ್ದವು ಟೀ ಸೆಟ್, ಹಲ್ಲಿನ ಸೆಟ್, ಒಂದೇ ಗುಂಪಿನ ಜನ ಎನ್ನುವ ಸೆಟ್. ಇವು ಕೂರಲು ಒಪ್ಪಲಿಲ್ಲ. ಜನರನ್ನು ಗುಂಪಾಗಿ ಕೂರಿಸಿದ್ದರಿಂದ ಸೆಟ್ ಎನ್ನಬಹುದಲ್ಲ ಎಂದು ಸ್ಟ್ಯಾಂಡ್ ಮೇಷ್ಟ್ರು ಆಕಳಿಸುತ್ತ ಹೇಳಿದರು. ಆಕೆ ಎರಡು ವಾರ ಅದೇ ಪೆಟ್ಟಿಗೆಯ ತಳ ಕೆದಕಿದಳು. ಎಲ್ಲಕ್ಕಿಂತ ಹಳೆಯ ಚೀಟಿಗಳಲ್ಲಿ ಆ ಸೆಟ್ ಎಂದರೆ ಒಬ್ಬ ಗುರುವಿನ ಹಿಂದೆ ಹೋಗುವವರು, ಒಂದು ಪಂಥದವರು. ಅದು ಫ್ರೆಂಚಿನಿಂದ ಬಂದದ್ದು, ಫ್ರೆಂಚಿಗೆ ಲ್ಯಾಟಿನ್ನಿನಿಂದ. ಅಲ್ಲಿ ಅದರ ಅರ್ಥ ಹಿಂಬಾಲಿಸುವುದು. ಕೂರುವುದಕ್ಕೂ ಅದಕ್ಕೂ ಹುಟ್ಟಿನಲ್ಲಿ ಯಾವ ನೆಂಟಸ್ತಿಕೆಯೂ ಇರಲಿಲ್ಲ. ಆಮೇಲೆ ಎರಡೂ ಒಂದರೊಳಗೊಂದು ಬೆರೆತದ್ದು ನಿಜ, ಆದರೆ ಹುಟ್ಟಿದ್ದು ಬೇರೆಬೇರೆ ಮನೆಯಲ್ಲಿ. ಕೋಶದ ನಿಯಮದಂತೆ ಮೂಲ ಬೇರೆಯಾದರೆ ಪದವೂ ಬೇರೆ. ಪದ ಬೇರೆಯಾದರೆ ನೇಮಕವೂ ಬೇರೆ.

ಸಿಕ್ಕಿಬಿದ್ದದ್ದು ಇಲ್ಲೇ. ಸೆಟ್ ಮುಗಿದರೆ ಆಕೆಯ ಕೆಲಸ ಹೋಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಮಗಳು ಶಿಶುವಿಹಾರಕ್ಕೆ ಸೇರಲು ಇನ್ನೂ ನಾಲ್ಕೈದು ತಿಂಗಳಿತ್ತು, ಅಷ್ಟರವರೆಗೆ ಮಗುವಿನ ಸಮೇತ ಕೂರಿಸಿಕೊಳ್ಳುವ ಬೇರೆ ಜಾಗ ಊರಲ್ಲೇ ಇರಲಿಲ್ಲ ಎನ್ನುವುದೂ ಗೊತ್ತಿತ್ತು. ಸರಿಯಾಗಿ ಆಗಲೇ ಪದ ಎರಡಾಗಬೇಕೆ?

ಪ್ರಧಾನ ಸಂಪಾದಕರು ಚೀಟಿಗಳನ್ನು ಮುಟ್ಟಲೂ ಇಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು: “ಒಂದು ಪದಕ್ಕೆ ಒಬ್ಬನೇ ಅಪ್ಪ ಇರೋದು ತಾಯಿ. ಇಬ್ಬರು ಅಂದರೆ ಅದು ಮರ್ಯಾದಸ್ತರ ಮನೆ ಪದ ಅಲ್ಲ.”

ನಾಲ್ಕು ಮೇಜುಗಳಿಂದ ನಗು ಬಂತು. ಸ್ಟ್ಯಾಂಡ್ ಮೇಷ್ಟ್ರು ತಡವಾಗಿ, ಆದರೆ ಎಲ್ಲರಿಗಿಂತ ಜೋರಾಗಿ ನಕ್ಕರು.

“ಇದು ಇಬ್ಬರು ಅಪ್ಪಂದಿರ ಒಂದು ಮಗು ಅಲ್ಲ ಸಾರ್” ಎಂದಳು ಆಕೆ. “ಒಂದೇ ಹೆಸರಿನ ಎರಡು ಮಕ್ಕಳು. ನಮ್ಮ ಬೀದಿಯಲ್ಲೇ ಒಂದೇ ಹೆಸರಿನವರು ಮೂರು ಜನ ಇದ್ದಾರೆ. ಅವರ ತಾಯಂದಿರ ಬಗ್ಗೆ ಯಾರೂ ಈ ಮಾತು ಆಡಿಲ್ಲ.”

ನಗು ನಿಂತಿತು. ಸಂಪಾದಕರ ಕಿವಿ ಕೆಂಪಾಯಿತು. ಅವರು ಆಮೇಲೆ ಅರ್ಧ ಗಂಟೆ ಮಾತಾಡಿದರು. ಹೊಟ್ಟೆಪಾಡಿಗಾಗಿ ವಿದ್ಯೆಯನ್ನು ಸೀಳುವವರ ಬಗ್ಗೆ, ಗೋಡೆಯ ಒಂದು ಬಿರುಕು ತೋರಿಸಿ ಎರಡು ಮನೆಯ ಬಾಡಿಗೆ ಕೇಳುವವರ ಬಗ್ಗೆ, ಯಾರ ಹೆಸರನ್ನೂ ಎತ್ತದೆ, ಆಕೆಯನ್ನೇ ನೋಡುತ್ತ. ಕೊನೆಗೆ, ತಿಂಗಳ ಕೊನೆಯೊಳಗೆ ಸೆಟ್ ಒಂದೇ ಪದವಾಗಿ ಮುಗಿಯಬೇಕು ಎಂದು ಅಪ್ಪಣೆಯಾಯಿತು. ಆಕೆ ಚೀಟಿ ಎತ್ತಿಕೊಂಡು ಬಂದಳು. ಸುಳ್ಳು ಹೇಳಿ ಬೈಸಿಕೊಂಡಿದ್ದರೆ ಸಹಿಸಿಕೊಳ್ಳುತ್ತಿದ್ದಳೇನೋ, ಆದರೆ ನಿಜ ಹೇಳಿ ಕಳ್ಳಿ ಅನಿಸಿಕೊಂಡದ್ದು ಎದೆಯಲ್ಲಿ ಕೂತುಬಿಟ್ಟಿತು. ಮಗಳಿಗೆ ಮೂಗು ಒರೆಸುವಾಗ ಕೈ ಗಡುಸಾಗಿ, ಮಗು ಅತ್ತಿತು. ಅದಕ್ಕಾಗಿ ಅವಳಿಗೆ ಸಂಪಾದಕರ ಮೇಲೆ ಇನ್ನಷ್ಟು ಸಿಟ್ಟು ಬಂತು.

ಅದೇ ವಾರ ಕೋಶದ ಯಜಮಾನರು ಬಂದರು. ಅಚ್ಚು ಹಾಕಿಸಿ ಮಾರುವವರು. ಕೋಶವನ್ನು ತೂಕ ನೋಡಿದ್ದರೇ ಹೊರತು ಓದಿದವರಲ್ಲ. ಎದುರಾಳಿ ಪ್ರಕಾಶಕನೊಬ್ಬ ತನ್ನ ಕೋಶದಲ್ಲಿ ಇವರದ್ದಕ್ಕಿಂತ ಎರಡು ಸಾವಿರ ಪದ ಹೆಚ್ಚಿವೆ ಎಂದು ಪತ್ರಿಕೆಯಲ್ಲಿ ಹಾಕಿಸಿಬಿಟ್ಟಿದ್ದ. ಯಜಮಾನರಿಗೆ ನಿದ್ದೆ ಹೋಗಿತ್ತು. ಪದ ಹೆಚ್ಚಿಸಲು ದಾರಿಯೇನು ಎಂದು ಕೇಳಿದಾಗ ಸ್ಟ್ಯಾಂಡ್ ಮೇಷ್ಟ್ರು, ಚಾಡಿ ಹೇಳುವ ಉಮೇದಿನಲ್ಲಿ, ಸೆಟ್ಟಮ್ಮ ಒಂದನ್ನು ಎರಡು ಮಾಡಲು ಹೊರಟ ಕಥೆಯನ್ನು ನಗುತ್ತ ಹೇಳಿದರು. ಯಜಮಾನರು ನಗಲಿಲ್ಲ. ಎದ್ದು ನಿಂತರು.

“ಒಂದು ಪದ ಎರಡಾಗುತ್ತೆ ಅಂತೀರಾ? ಮತ್ತೆ ಎರಡಕ್ಕೇ ಯಾಕೆ ನಿಲ್ಲಿಸಿದ್ರಿ?”

ಮರುದಿನ ಬೆಳಗ್ಗೆ ಪ್ರಧಾನ ಸಂಪಾದಕರು ಹೊಸ ಮನುಷ್ಯರಾಗಿ ಬಂದರು. ‘ಮೂಲ ಒಂದೇ’ ಎನ್ನುತ್ತಿದ್ದ ಬೆರಳು ಈಗ ಹತ್ತೂ ಬೆರಳಾಗಿತ್ತು. ಸೆಟ್ ಒಂದಲ್ಲ, ಎರಡೂ ಅಲ್ಲ, ಹತ್ತು ಪದ ಎಂದು ತಮಗೆ ಮೊದಲಿನಿಂದಲೂ ಅನುಮಾನವಿತ್ತು ಎಂದರು. ಸೂರ್ಯನ ಸೆಟ್ ಒಂದು ಪದ, ಸಿಮೆಂಟಿನದ್ದು ಇನ್ನೊಂದು, ಮೂಳೆಯದ್ದು ಮತ್ತೊಂದು. ಹತ್ತಕ್ಕೂ ಹತ್ತು ಮೂಲ ಬೇಕಲ್ಲ, ಆಕೆಯ ಎರಡನ್ನು ಬಿಟ್ಟು ಉಳಿದ ಎಂಟನ್ನು ಅವರೇ ಬಾಯಲ್ಲಿ ಹೇಳಿ ಬರೆಸಿದರು. ಗರಗಸದ ಸೆಟ್ ಗರಗಸದ ಸದ್ದಿನಿಂದ ಬಂದದ್ದಂತೆ. ಜೆಲ್ಲಿ ಗಟ್ಟಿಯಾಗುವ ಸೆಟ್ ಬಂದದ್ದು ಯಾವುದೋ ಚಳಿದೇಶದ ಹಳೆಯ ಭಾಷೆಯಿಂದ. ಯಾವ ಭಾಷೆ ಸಾರ್ ಎಂದು ಆಕೆ ಕೇಳಿದಳು.

“ಸತ್ತುಹೋದ ಭಾಷೆ ಅಂತ ಬರೀರಿ. ಅಲ್ಲಿಂದ ಯಾರೂ ಎದ್ದು ಬಂದು ಕೇಳೋದಿಲ್ಲ.”

ಆಮೇಲೆ ದನಿ ತಗ್ಗಿಸಿ, ಬಾಗಿಲು ಮುಂದಕ್ಕೆ ಮಾಡಿ, ಇನ್ನೊಂದು ವಿಷಯ ಹೇಳಿದರು. ಹೀಗೆ ಒಡೆಯಬೇಕಾದ ಪದಗಳು ಇನ್ನೂ ನೂರಾರು ಇವೆ, ಯಜಮಾನರು ಅದಕ್ಕೊಂದು ಖಾಯಂ ಹುದ್ದೆ ಮಾಡುತ್ತಿದ್ದಾರೆ, ಒಡೆಯುವ ಕೈಗುಣ ಆಕೆಗಿದೆ ಎಂದು ತಾವೇ ಶಿಫಾರಸು ಮಾಡಿದ್ದೇವೆ. ಸೆಟ್‌ನ ಹತ್ತು ಮೂಲದ ಚೀಟಿಗಳಿಗೆ ಆಕೆ ಸಹಿ ಹಾಕಿಕೊಟ್ಟರೆ ಸಾಯಂಕಾಲವೇ ಆದೇಶ. ಪದದ ಲೆಕ್ಕ ಇಲ್ಲ, ಮುಗಿಯುವ ಭಯ ಇಲ್ಲ, ಮಗು ದೊಡ್ಡದಾಗುವವರೆಗೂ ಇಲ್ಲೇ ಆಡಿಕೊಂಡಿರಬಹುದು. ಮೊನ್ನೆ ಕಳ್ಳಿಯಾಗಿದ್ದವಳು ಇವತ್ತು ಕೈಗುಣದವಳು. ಬೇಕಾದರೆ ಒಂದು ದಿನ ಯೋಚಿಸಿ ಎಂದರು, ಬೇಡ ಎನ್ನುವವರು ಹುಟ್ಟಿಯೇ ಇಲ್ಲ ಎನ್ನುವ ಧೈರ್ಯದಿಂದ.

ಆಕೆ ಯೋಚಿಸಿದಳು, ನಿಜವಾಗಿಯೇ ಯೋಚಿಸಿದಳು. ಖಾಯಂ ಎನ್ನುವ ಮಾತು ಕೇಳಿದೊಡನೆ ಮೈಯ ನೋವೆಲ್ಲ ಇಳಿದ ಹಾಗಾಗಿದ್ದು ಸುಳ್ಳಲ್ಲ. ಸಂಜೆ ಮಗಳ ಕಾಲು ತೊಳೆಯುತ್ತ ಅತ್ತೆಗೆ ಎಲ್ಲ ಹೇಳಿದಳು. ಅತ್ತೆ ಸೂಜಿ ಚುಚ್ಚಿಕೊಂಡ ಬೆರಳು ಬಾಯಲ್ಲಿಟ್ಟುಕೊಂಡು ಕೇಳಿದರು. ಪದದ ಜಗಳ ಅವರ ತಲೆಗೆ ಹೋಗಲಿಲ್ಲ, ಸಹಿಯ ಮಾತು ಹೋಯಿತು.

“ಖಾಯಂ ಅಂದ್ರೆ ಸಣ್ಣ ಮಾತಲ್ಲ ಕಣೆ, ಬಿಡು ಅಂತ ನಾನು ಹೇಳಲ್ಲ” ಎಂದರು. “ನಮ್ಮಲ್ಲೂ ಒಂದೊಂದು ಕಟ್ಟಿನ ಮೇಲೆ ಹೊಲಿದವಳ ನಂಬರು ಇರುತ್ತೆ. ಸೂಪರ್‌ವೈಸರು ಬಂದು, ನಾಲ್ಕು ತೂತಿನ ಗುಂಡಿಗೆ ಎರಡೇ ತೂತು ಹೊಲಿ, ಬೇಗ ಆಗುತ್ತೆ ಅಂತಾನೆ. ಗುಂಡಿ ಕಿತ್ತುಹೋಗಿ ಅಂಗಿ ವಾಪಸ್ ಬಂದಾಗ ಕಟ್ಟು ನನ್ನ ಮುಂದೆ ಬೀಳುತ್ತೆ, ಅವನು ಸಿಳ್ಳೆ ಹೊಡ್ಕೊಂಡು ಹೋಗ್ತಾನೆ. ನಾನೀಗ ಅವನು ಹಾಗೆ ಅಂದಾಗಲೆಲ್ಲ, ನಿನ್ನ ನಂಬರು ಹಾಕು, ಹೊಲೀತೀನಿ ಅಂತೀನಿ.”

“ಹಾಕ್ತಾನಾ?”

“ಹನ್ನೊಂದು ವರ್ಷ ಆಯ್ತು. ಇನ್ನೂ ಪೆನ್ನು ಹುಡುಕ್ತಿದ್ದಾನೆ.”

ಮರುದಿನ ಆಕೆ ಮೊದಲು ತನ್ನ ಎರಡು ಚೀಟಿ ಬರೆದಳು. ಕೂರಿಸುವ ಸೆಟ್‌ನ ಮೂಲ ಒಂದು, ಹಿಂಬಾಲಿಸುವ ಸೆಟ್‌ನ ಮೂಲ ಇನ್ನೊಂದು. ಎರಡಕ್ಕೂ ಬಲಮೂಲೆಯಲ್ಲಿ ತುಂಬು ಸಹಿ ಹಾಕಿದಳು. ಉಳಿದ ಎಂಟನ್ನು ಸಂಪಾದಕರು ಹೇಳಿದ ಹಾಗೆಯೇ, ಸತ್ತ ಭಾಷೆಯ ಸಮೇತ, ಒಂದಕ್ಷರ ಬಿಡದೆ ದುಂಡಗೆ ಬರೆದು, ಬಲಮೂಲೆ ಖಾಲಿ ಬಿಟ್ಟಳು. ಎಲ್ಲವನ್ನೂ ಒಂದು ತಟ್ಟೆಯಲ್ಲಿ ಜೋಡಿಸಿ, ಮೇಲೊಂದು ಪೆನ್ನು ಇಟ್ಟು, ಸಂಪಾದಕರ ಮೇಜಿನ ಮೇಲೆ ಇಟ್ಟಳು. ಚೀಟಿ ಕೊಂಡೊಯ್ಯಲು ಬಂದ ಅಚ್ಚುಕೂಟದ ಮೇಸ್ತ್ರಿ ಮಸಿಯ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತಿದ್ದ. ಮಗಳು ತಾಯಿಯ ಸೆರಗು ಹಿಡಿದು ಮೇಜಿನ ಅಂಚಿಗೆ ಗಲ್ಲ ಆನಿಸಿ ತಟ್ಟೆಯಲ್ಲಿ ತಿನ್ನುವುದೇನಾದರೂ ಇದೆಯೇ ಎಂದು ನೋಡುತ್ತಿದ್ದಳು.

“ಈ ಎರಡು ನನ್ನವು ಸಾರ್. ಇವುಗಳ ಬಗ್ಗೆ ಎಲ್ಲಿಂದ ಪತ್ರ ಬಂದರೂ ಉತ್ತರ ಬರೀತೀನಿ. ಈ ಎಂಟು ನೀವು ಹೇಳಿದವು. ಬರೆದದ್ದು ನನ್ನ ಕೈ ಅಷ್ಟೆ. ಸಹಿ ನಿಮ್ಮದಾಗಬೇಕು.”

“ನಾನು ಪ್ರಧಾನ ಸಂಪಾದಕ. ನಾನು ಚೀಟಿಗೆ ಸಹಿ ಹಾಕೋದಿಲ್ಲ.”

“ಫಲಕದಲ್ಲಿ ಹಾಗಂತ ಇಲ್ಲವಲ್ಲ ಸಾರ್. ನೀವು ಕಂಡುಹಿಡಿದ ಮೂಲ. ಹೆಸರು ನಿಮಗೇ ಬರಲಿ.”

ಸಂಪಾದಕರು ಪೆನ್ನು ಎತ್ತಿಕೊಂಡರು. ಮೊದಲ ಚೀಟಿ ಗರಗಸದ್ದು. ಅದನ್ನು ಓದಿದರು, ಮತ್ತೊಮ್ಮೆ ಓದಿದರು. ಇನ್ನೊಬ್ಬರ ಸಹಿಯಿದ್ದರೆ ಎಷ್ಟು ಘನವಾಗಿ ಕಾಣುತ್ತಿತ್ತೋ ಆ ವಾಕ್ಯ, ತಮ್ಮ ಪೆನ್ನಿನ ಕೆಳಗೆ ಬರಿಯ ಗರಗಸದ ಹಾಗೆ ಕಿರ್ ಎಂದಿತು ಎಂದು ಕಾಣುತ್ತದೆ. ಪೆನ್ನಿನಲ್ಲಿ ಮಸಿ ಸರಿಯಿಲ್ಲ ಎಂದರು. ಮೇಸ್ತ್ರಿ ಕಿವಿಯ ಮೇಲಿದ್ದ ತನ್ನದನ್ನು ತೆಗೆದುಕೊಟ್ಟ. ಬೆಳಕು ಸಾಲದು ಎಂದರು. ಯಾರೋ ಕಿಟಕಿ ತೆರೆದರು. ಆಗ ಅವರಿಗೆ ಯಜಮಾನರೊಂದಿಗೆ ತುರ್ತಾಗಿ ಮಾತಾಡುವುದಿದೆ ಎಂದು ನೆನಪಾಗಿ, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೊರಟರು. ಮೂವತ್ತು ವರ್ಷದ ನಿಷ್ಕಳಂಕ ಸೇವೆ ಬಾಗಿಲಿಂದ ಅಡ್ಡಡ್ಡವಾಗಿ ನುಸುಳಿಕೊಂಡು ಹೊರಗೆ ಹೋಯಿತು. ಮೇಸ್ತ್ರಿ ಒಳಗೆ ಬಂದು, ತಟ್ಟೆಯಿಂದ ಸಹಿಯಿದ್ದ ಎರಡು ಚೀಟಿಗಳನ್ನು ಮಾತ್ರ ಆರಿಸಿಕೊಂಡು ಅಚ್ಚುಕೂಟಕ್ಕೆ ನಡೆದ.

ಯಜಮಾನರಿಗೆ ಏನು ಹೇಳಿದರೋ ತಿಳಿಯದು. ಕಾಗದದ ಅಭಾವ ಎಂದಿರಬಹುದು, ಅವರಿಗೆ ಅರ್ಥವಾಗುವ ಮಾತು ಅದೊಂದೇ. ಮೂರು ದಿನದ ಮೇಲೆ ಒಂದು ಸುತ್ತೋಲೆ ಬಂತು: ಪ್ರಧಾನ ಸಂಪಾದಕರು ದೀರ್ಘ ಚಿಂತನೆಯ ನಂತರ ಸೆಟ್ ಎಂಬುದು ಎರಡು ಪದ ಎಂಬ ನಿರ್ಣಯಕ್ಕೆ ಬಂದಿದ್ದಾರೆ. ಖಾಯಂ ಹುದ್ದೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಕೊನೆಯ ಪೆಟ್ಟಿಗೆಯ ಚೀಟಿ ಬೇರೆ ಯಾರ ತಲೆಗೂ ಹತ್ತುವಂಥದ್ದಲ್ಲವಾದ್ದರಿಂದ, ಬೇರೆ ದಾರಿಯಿಲ್ಲದೆ, ಆಕೆಯ ಮೇಜಿಗೆ ಒಂದು ಹೊಸ ಕಾಗದ ಬಂತು: ‘ಸೆಟ್, ಎರಡನೆಯದು, ಮುಗಿಯುವವರೆಗೆ.’ ಆಕೆ ಪೆಟ್ಟಿಗೆಗೆ ಗೇಣು ಹಾಕಿ ನೋಡಿದಳು. ನಾಲ್ಕು ತಿಂಗಳ ಕೆಲಸ, ಐದಾದರೆ ಹೆಚ್ಚು.

ಸ್ಟ್ಯಾಂಡ್ ಮೇಷ್ಟ್ರು ಕುರ್ಚಿಯಲ್ಲಿ ಕೂತೇ ಕುತ್ತಿಗೆ ಚಾಚಿ ಕಾಗದ ಓದಿ, ನಾಲಿಗೆ ಲೊಚಗುಟ್ಟಿದರು. ಕೈಗೆ ಬಂದ ಖಾಯಂ ಕೆಲಸ ಒದ್ದವಳು, ನಾಲ್ಕು ತಿಂಗಳ ಚೂರನ್ನು ಮಡಿಲಿಗೆ ಹಾಕಿಕೊಂಡವಳು ಎಂದು ಮರುಗಿದರು. ಎಳೆದರೆ ಇದನ್ನೇ ನಾಲ್ಕು ವರ್ಷ ಮಾಡಬಹುದು, ಎಳೆಯುವುದು ಹೇಗೆಂದು ಬೇಕಾದರೆ ತಾವು ಹೇಳಿಕೊಡುವುದಾಗಿಯೂ ಹೇಳಿದರು.

“ಬೇಡ ಮೇಷ್ಟ್ರೆ” ಎಂದಳು ಆಕೆ, ಮೊದಲ ಕಟ್ಟಿನ ದಾರ ಬಿಚ್ಚುತ್ತ. “ನಾಲ್ಕು ತಿಂಗಳಾದ ಮೇಲೆ ಇವಳು ಶಿಶುವಿಹಾರಕ್ಕೆ ಹೋಗ್ತಾಳೆ. ಆಮೇಲೆ ನನಗೆ ಎಲ್ಲಿ ಬೇಕಾದರೂ ಕೆಲಸ ಸಿಗುತ್ತೆ. ನೀವು ಇಲ್ಲಿಂದ ಎದ್ದರೆ ಎಲ್ಲಿಗೆ ಹೋಗ್ತೀರಿ?”

ಮೇಷ್ಟ್ರು ಕುತ್ತಿಗೆ ಒಳಗೆಳೆದುಕೊಂಡರು. ಆಕೆ ಮೂರು ತಿಂಗಳು ಇಪ್ಪತ್ತು ದಿನಕ್ಕೆ ಪದ ಮುಗಿಸಿದಳು.